ವಾರದ ಕಲಿಕೆ ಮನೆಗೆ ತಲುಪಲಿ

(ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಎರಡನೆಯ ಅವಧಿಯ ಆರಂಭದಲ್ಲಿ ನಡೆಯುವ ಪಾಲಕರ ಸಭೆಯಲ್ಲಿ ಓದಿ ಹೇಳತಕ್ಕ ಭಾಷಣದ ಪಠ್ಯ)



ದಸರಾ ರಜೆ ಮುಗಿದು ಶಾಲೆಗಳು ಮತ್ತೆ ಆರಂಭವಾಗಿವೆ. ಶೈಕ್ಷಣಿಕ ವರ್ಷದ ಅರ್ಧ ಭಾಗ ಕಳೆದಿದೆ, ಅರ್ಧ ಭಾಗ ಉಳಿದಿದೆ. ಉಳಿದಿರುವ ಅರ್ಧದಲ್ಲಿ ಶಾಲೆಯೊಳಗೆ ಪ್ರತಿ ವಾರ ಏನು ನಡೆಯುತ್ತದೆ, ಮುಂದಿನ ವಾರ ಏನು ನಡೆಯಲಿದೆ ಎಂಬ ತಿಳಿವಳಿಕೆ ಪ್ರತಿ ಮನೆಗೂ ತಲುಪಬೇಕೆಂಬುದು ಈ ಸಭೆಯ ಮುಂದಿರುವ ವಿಷಯ. ನೋಡುವುದಕ್ಕೆ ಇದು ಒಂದು ಹಾಳೆಯ ಮಾತು. ಆದರೆ ಹಿರಿಯ ಪ್ರಾಥಮಿಕ ಹಂತದಲ್ಲಿ ಮಗುವೊಂದು ಕಲಿಕೆಯಲ್ಲಿ ನಿಲ್ಲುವುದೋ ಜಾರುವುದೋ ಎಂಬ ಪ್ರಶ್ನೆ ಆ ಒಂದು ಹಾಳೆಗೆ ಅಂಟಿಕೊಂಡಿದೆ.

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ಶಾಲಾ ದಿನಗಳು ಮತ್ತು 800 ಬೋಧನಾ ಗಂಟೆಗಳು ನಡೆಯಬೇಕು. ಆರರಿಂದ ಎಂಟನೆಯ ತರಗತಿಗೆ ಅದು 220 ದಿನಗಳಿಗೂ 1000 ಗಂಟೆಗಳಿಗೂ ಏರುತ್ತದೆ. ಅಂದರೆ ಸರಾಸರಿ ದಿನಕ್ಕೆ ನಾಲ್ಕೂವರೆ ಗಂಟೆ, ಆರು ದಿನಗಳ ವಾರಕ್ಕೆ ಸುಮಾರು 27 ಗಂಟೆ. ಇಷ್ಟು ದೀರ್ಘ ಕಾಲ ಮಗು ಎಲ್ಲಿರುತ್ತದೆ ಎಂಬುದು ಪಾಲಕರಿಗೆ ಗೊತ್ತು. ಅಲ್ಲಿ ಏನನ್ನು ಕಲಿಯುತ್ತಿದೆ ಎಂಬುದು ಬಹುತೇಕ ಮನೆಗಳಿಗೆ ಗೊತ್ತಿರುವುದಿಲ್ಲ. ಸಂಜೆ ಮನೆಗೆ ಬಂದ ಮಗುವನ್ನು ‘ಇವತ್ತು ಏನು ಹೇಳಿಕೊಟ್ಟರು?’ ಎಂದು ಕೇಳಿದರೆ ‘ಎಲ್ಲಾ ಹೇಳಿಕೊಟ್ಟರು’ ಎಂದೋ ‘ಏನಿಲ್ಲ’ ಎಂದೋ ಉತ್ತರ ಬರುತ್ತದೆ. ಎರಡೂ ಉತ್ತರಗಳಿಂದ ಮನೆಗೆ ತಿಳಿಯುವುದು ಒಂದೇ, ಅಂದರೆ ಏನೂ ತಿಳಿಯುವುದಿಲ್ಲ. ಇದರಲ್ಲಿ ಮಗುವಿನ ತಪ್ಪಿಲ್ಲ. ಪ್ರಶ್ನೆ ಕೇಳುವವರಿಗೆ ವಿಷಯದ ಎಳೆ ಸಿಕ್ಕಿಲ್ಲದಿರುವಾಗ ಉತ್ತರ ಹೇಳುವವರಿಗೂ ಎಳೆ ಸಿಕ್ಕುವುದಿಲ್ಲ.

ಈ ಕೊರತೆ ಹಿರಿಯ ಪ್ರಾಥಮಿಕ ಹಂತದಲ್ಲೇ ಹೆಚ್ಚು ಬಾಧಿಸುವುದಕ್ಕೆ ಕಾರಣಗಳಿವೆ. ಒಂದರಿಂದ ಮೂರನೆಯ ತರಗತಿಯವರೆಗೆ ನಲಿ-ಕಲಿ ಪದ್ಧತಿಯಲ್ಲಿ ಮಗು ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿದೆ ಎಂಬುದನ್ನು ಗೋಡೆಯ ಮೇಲಿನ ಪಟವೇ ತೋರಿಸುತ್ತದೆ. ಅಕ್ಷರ, ಎಣಿಕೆ, ಹಾಡು, ಕಥೆ ಎಲ್ಲವೂ ಮನೆಯವರ ಕಣ್ಣಿಗೂ ಕಿವಿಗೂ ಬೀಳುತ್ತವೆ. ನಾಲ್ಕನೆಯ ತರಗತಿಯಿಂದ ಪಠ್ಯಪುಸ್ತಕಗಳ ವ್ಯಾಸಂಗ ಮುಂದಾಗುತ್ತದೆ. ಐದರ ಹೊತ್ತಿಗೆ ಭಿನ್ನರಾಶಿ, ಕೋನ, ವಿಸ್ತೀರ್ಣಗಳು ಬರುತ್ತವೆ. ಆರನೆಯ ತರಗತಿಯಲ್ಲಿ ಕನ್ನಡ ಮತ್ತು ಇಂಗ್ಲಿಷಿನ ಜೊತೆಗೆ ಮೂರನೆಯ ಭಾಷೆ ಸೇರುತ್ತದೆ, ವಿಜ್ಞಾನದ ಮತ್ತು ಸಮಾಜ ವಿಜ್ಞಾನದ ಪರಿಭಾಷೆ ಒಮ್ಮೆಲೇ ಬೆಳೆಯುತ್ತದೆ. ಗ್ರಾಮೀಣ ಭಾಗದ ಅನೇಕ ಪಾಲಕರು ತಾವು ಶಾಲೆ ಬಿಟ್ಟದ್ದು ಇದೇ ತರಗತಿಗಳಲ್ಲಿ. ಆದ್ದರಿಂದ ಮಗು ಆ ಹಂತಕ್ಕೆ ಬಂದಾಗ ‘ಇನ್ನು ನಮ್ಮ ಕೈಯಲ್ಲಿ ಆಗದು, ಮೇಷ್ಟ್ರು ನೋಡಿಕೊಳ್ಳಲಿ’ ಎಂದು ಮನೆ ಹಿಂದೆ ಸರಿಯುತ್ತದೆ. ಪಾಠ ಕಠಿಣವಾಗುವ ಕಾಲ ಮತ್ತು ಮನೆಯ ಆಸರೆ ತಗ್ಗುವ ಕಾಲ ಒಂದೇ ಆಗಿಬಿಡುತ್ತದೆ. ಮಗು ಹಿಂದೆ ಬೀಳುವುದು ಸದ್ದಿಲ್ಲದೆ, ಯಾರ ಗಮನಕ್ಕೂ ಬಾರದೆ ನಡೆಯುತ್ತದೆ. ಪ್ರೌಢಶಾಲೆಯ ಬಾಗಿಲಲ್ಲಿ ಅದು ಬಯಲಾಗುವ ಹೊತ್ತಿಗೆ ತಿದ್ದುವುದಕ್ಕೆ ಬೇಕಾದ ಕಾಲ ಮೀರಿರುತ್ತದೆ.

ಪಾಲಕರಿಗೆ ತಿಳಿಸುವುದು ಶಾಲೆಯ ಔದಾರ್ಯದ ವಿಷಯವಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 24ನೆಯ ಪ್ರಕರಣವು ಪಾಲಕರೊಡನೆ ನಿಯತವಾಗಿ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ ಹಾಗೂ ಕಲಿಕೆಯಲ್ಲಿ ಆಗಿರುವ ಪ್ರಗತಿಯನ್ನು ತಿಳಿಸುವುದನ್ನು ಶಿಕ್ಷಕರ ಕರ್ತವ್ಯಗಳಲ್ಲಿ ಒಂದೆಂದು ಹೇಳುತ್ತದೆ. ಅದೇ ರೀತಿ ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಶಿಕ್ಷಣದ ಅವಕಾಶ ಒದಗಿಸುವುದು ತಂದೆತಾಯಿಯರ ಅಥವಾ ಪೋಷಕರ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ ಅನುಚ್ಛೇದಕ್ಕೆ 2002ರ 86ನೆಯ ತಿದ್ದುಪಡಿ ಸೇರಿಸಿದೆ. ಪ್ರಾಥಮಿಕ ಮತ್ತು ಪ್ರೌಢಶಾಲೆಗಳೂ ಸೇರಿದಂತೆ ಶಿಕ್ಷಣವು ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿದೆ. ಕರ್ನಾಟಕದಲ್ಲಿ 2001ರಲ್ಲಿಯೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರೂಪುಗೊಂಡವು. ಶಿಕ್ಷಕರು, ಪಾಲಕರು, ಪಂಚಾಯತಿ ಈ ಮೂವರಿಗೂ ಕರ್ತವ್ಯ ನಿಗದಿಯಾಗಿದೆ. ಮೂವರನ್ನೂ ವಾರವಾರವೂ ಜೋಡಿಸುವ ಒಂದು ಸಣ್ಣ ಕೊಂಡಿ ಬೇಕಾಗಿದೆ. ವರ್ಷಕ್ಕೆ ಎರಡು ಮೂರು ಬಾರಿ ನಡೆಯುವ ಸಭೆಯಲ್ಲಿ ಹೇಳಿದ ಮಾತು ಮುಂದಿನ ಸಭೆಯವರೆಗೆ ಬಾಳುವುದಿಲ್ಲ.

ಅಂಥ ಕೊಂಡಿಯಿಂದ ಆಗುವ ಪ್ರಯೋಜನವನ್ನು ಒಂದು ಲೆಕ್ಕದ ಮೂಲಕ ನೋಡಬಹುದು. ಭಿನ್ನರಾಶಿಗಳ ಸಂಕಲನವನ್ನು ಕಲಿಯುತ್ತಿರುವ ಮಗುವಿಗೆ 1/2 ಮತ್ತು 1/4 ಇವುಗಳನ್ನು ಕೂಡಿಸಲು ಹೇಳಿದಾಗ ಅನೇಕ ಮಕ್ಕಳು ಮೇಲಿನ ಅಂಕಿಗಳನ್ನು ಮೇಲಿನದರೊಂದಿಗೆ, ಕೆಳಗಿನ ಅಂಕಿಗಳನ್ನು ಕೆಳಗಿನದರೊಂದಿಗೆ ಕೂಡಿಸಿ 2/6 ಎಂದು ಬರೆಯುತ್ತಾರೆ. ಶಿಕ್ಷಕರು ಅದನ್ನು ತಪ್ಪೆಂದು ಗುರುತಿಸುತ್ತಾರೆ, ಸರಿಯಾದ ಕ್ರಮವನ್ನು ತೋರಿಸುತ್ತಾರೆ. ಮಗು ಕ್ರಮವನ್ನು ಬಾಯಿಪಾಠ ಮಾಡುತ್ತದೆ. ಎರಡು ವಾರ ಕಳೆದರೆ ಮತ್ತೆ 2/6.

ಈಗ ಅದೇ ಮಗುವಿನ ತಂದೆಯನ್ನು ಕೇಳಿದರೆ, ಅವರು ಶಾಲೆಯ ಮೆಟ್ಟಿಲು ಹತ್ತಿರದಿದ್ದರೂ, ಅರ್ಧ ಎಕರೆಗೆ ಕಾಲು ಎಕರೆ ಸೇರಿದರೆ ಮುಕ್ಕಾಲು ಎಕರೆ ಎಂದು ತಟ್ಟನೆ ಹೇಳುತ್ತಾರೆ. ಎಕರೆಗೆ 40 ಗುಂಟೆ. ಅರ್ಧ ಎಂದರೆ 20, ಕಾಲು ಎಂದರೆ 10, ಒಟ್ಟು 30 ಗುಂಟೆ. ಮಗು ಬರೆದ 2/6ನ್ನು ಅದೇ ಎಕರೆಗೆ ಹಚ್ಚಿ ನೋಡಿದರೆ ಬರುವುದು 13 ಗುಂಟೆ ಮತ್ತು ಸ್ವಲ್ಪ. ಅಂದರೆ 20 ಗುಂಟೆಗೆ ಇನ್ನೂ 10 ಗುಂಟೆ ಸೇರಿಸಿದ ಮೇಲೆ ಹೊಲವು ಮೊದಲಿದ್ದುದಕ್ಕಿಂತ ಚಿಕ್ಕದಾಗಿದೆ. ಹೀಗೆ ತೋರಿಸಿದ ಮೇಲೆ ಮಗು ಆ ತಪ್ಪನ್ನು ಮತ್ತೆ ಮಾಡಲಾರದು. ಮಾಡಿದರೂ ತಾನೇ ಹಿಡಿಯುತ್ತದೆ. ತಾಯಿ ಅಥವಾ ಅಜ್ಜಿಯ ಬಳಿಯೂ ಇದೇ ಲೆಕ್ಕವಿದೆ. ಹಳೆಯ ಅಳತೆಯಲ್ಲಿ ಸೇರಿನ ಅರ್ಧ ಅಚ್ಚೇರು, ಅದರ ಅರ್ಧ ಪಾವು. ಒಂದು ಅಚ್ಚೇರಿಗೆ ಒಂದು ಪಾವು ಸೇರಿದರೆ ಮೂರು ಪಾವು, ಅಂದರೆ ಮುಕ್ಕಾಲು ಸೇರು. ಮುಕ್ಕಾಲು ಎಂಬ ಕನ್ನಡದ ಪದದೊಳಗೇ ಮೂರು ಕಾಲುಗಳು ಕುಳಿತಿವೆ.

ಭಿನ್ನರಾಶಿಯ ಜ್ಞಾನ ಮನೆಯಲ್ಲಿ ಇತ್ತು. ಭಿನ್ನರಾಶಿಯ ಪಾಠ ಶಾಲೆಯಲ್ಲಿ ಇತ್ತು. ಇವೆರಡೂ ಒಂದೇ ವಿಷಯವೆಂದು ತಂದೆಗೂ ತಿಳಿದಿರಲಿಲ್ಲ, ಮಗುವಿಗೂ ತಿಳಿದಿರಲಿಲ್ಲ. ‘ಈ ವಾರ ಅರ್ಧ, ಕಾಲು, ಮುಕ್ಕಾಲುಗಳನ್ನು ಕೂಡಿಸುವ ಲೆಕ್ಕ ನಡೆಯುತ್ತಿದೆ’ ಎಂಬ ಒಂದು ವಾಕ್ಯ ಮನೆಗೆ ತಲುಪಿದ್ದರೆ ಸಾಕಾಗಿತ್ತು. ವಾರದ ತಿಳಿವಳಿಕೆ ಪತ್ರದ ಸಾರವೆಲ್ಲ ಇಷ್ಟೇ. ಪಾಲಕರನ್ನು ಶಿಕ್ಷಕರನ್ನಾಗಿ ಮಾಡುವುದು ಅದರ ಉದ್ದೇಶವಲ್ಲ. ಪಾಲಕರು ಈಗಾಗಲೇ ಬಲ್ಲ ಸಂಗತಿ ಸರಿಯಾದ ವಾರದಲ್ಲಿ ಮಗುವಿನ ಕೈಗೆ ಸಿಗುವಂತೆ ಮಾಡುವುದು ಅದರ ಉದ್ದೇಶ.

ವಿಜ್ಞಾನದ ಪಾಠಗಳಲ್ಲಿಯೂ ಹೀಗೆಯೇ. ಮಿಶ್ರಣದಿಂದ ವಸ್ತುಗಳನ್ನು ಬೇರ್ಪಡಿಸುವ ಪಾಠದಲ್ಲಿ ಕೈಯಿಂದ ಆರಿಸುವುದು, ತೂರುವುದು, ಜರಡಿ ಹಿಡಿಯುವುದು, ತಿಳಿಯನ್ನು ಬಸಿಯುವುದು, ಸೋಸುವುದು, ಆವಿಯಾಗಿಸುವುದು ಎಂಬ ವಿಧಾನಗಳು ಬರುತ್ತವೆ. ಅಕ್ಕಿಯಿಂದ ಕಲ್ಲು ಆರಿಸುವ, ಕಣದಲ್ಲಿ ರಾಗಿ ತೂರುವ, ಚಹಾ ಸೋಸುವ ಮನೆಯಲ್ಲಿ ಈ ಪಾಠದ ಹೆಚ್ಚಿನ ಪ್ರಯೋಗಗಳು ದಿನನಿತ್ಯ ನಡೆಯುತ್ತವೆ. ತೂರುವಾಗ ಕಾಳು ನೇರವಾಗಿ ಕೆಳಗೆ ಬೀಳುತ್ತದೆ, ಹೊಟ್ಟು ದೂರ ಹೋಗುತ್ತದೆ, ಏಕೆ ಎಂದು ಮಗುವನ್ನು ಕೇಳುವುದಕ್ಕೆ ಪಾಲಕರಿಗೆ ಪುಸ್ತಕದ ಅಗತ್ಯವಿಲ್ಲ. ಆಮ್ಲ ಮತ್ತು ಪ್ರತ್ಯಾಮ್ಲಗಳ ಪಾಠದಲ್ಲಿ ಅರಿಶಿನವು ಸೂಚಕವಾಗಿ ಬರುತ್ತದೆ. ಸಾರಿನ ಕಲೆ ಬಿದ್ದ ಬಟ್ಟೆಗೆ ಸಾಬೂನು ಹಚ್ಚಿದಾಗ ಹಳದಿ ಕಲೆ ಕೆಂಪಾಗುವುದನ್ನು ಕಾಣದ ತಾಯಿಯಿಲ್ಲ. ಸಾಬೂನಿನ ನೀರು ಪ್ರತ್ಯಾಮ್ಲೀಯವಾಗಿರುವುದೇ ಅದಕ್ಕೆ ಕಾರಣವೆಂದು ಮಗು ತಾಯಿಗೆ ವಿವರಿಸಿದ ದಿನ ಆ ಪಾಠ ಮಗುವಿನದಾಗುತ್ತದೆ. ಕಲಿತದ್ದನ್ನು ಮತ್ತೊಬ್ಬರಿಗೆ ಹೇಳುವಾಗ ಕಲಿಕೆ ಗಟ್ಟಿಯಾಗುತ್ತದೆ. ಕೇಳುವ ಕಿವಿ ಮನೆಯಲ್ಲಿ ಇರಬೇಕಷ್ಟೆ.

ಹಾಗಾದರೆ ಪತ್ರದಲ್ಲಿ ಏನಿರಬೇಕು ಎಂಬುದನ್ನು ನಿರ್ದಿಷ್ಟವಾಗಿ ಹೇಳುವುದು ಅವಶ್ಯ. ಪತ್ರವು ಒಂದು ಪುಟದ ಅರ್ಧಕ್ಕಿಂತ ದೊಡ್ಡದಾಗಬಾರದು. ಅದರಲ್ಲಿ ನಾಲ್ಕು ಭಾಗಗಳಿದ್ದರೆ ಸಾಕು: ಈ ವಾರ ಕಲಿತದ್ದು, ಮುಂದಿನ ವಾರ ಕಲಿಯುವುದು, ಮನೆಯಲ್ಲಿ ಕೇಳಬಹುದಾದ ಪ್ರಶ್ನೆ, ನೆನಪಿಡಬೇಕಾದ ದಿನ. ಪಾಠಯೋಜನೆಯ ಭಾಷೆಯನ್ನು ಹಾಗೆಯೇ ನಕಲು ಮಾಡಬಾರದು. ‘ಸಾಮರ್ಥ್ಯ’, ‘ಕಲಿಕಾ ಫಲ’, ‘ರೂಪಣಾತ್ಮಕ’ ಎಂಬ ಪದಗಳು ಶಿಕ್ಷಕರ ದಾಖಲೆಗಳಲ್ಲಿ ಇರಲಿ. ಪತ್ರದಲ್ಲಿ ಅಂಗಳದ ಮಾತಿರಲಿ. ಆರನೆಯ ತರಗತಿಗೆ ಒಂದು ಮಾದರಿ ಹೀಗಿರಬಹುದು:

ಈ ವಾರ ಕಲಿತದ್ದು: ಗಣಿತದಲ್ಲಿ ಅರ್ಧ, ಕಾಲು, ಮುಕ್ಕಾಲುಗಳನ್ನು ಕೂಡಿಸುವುದು. ವಿಜ್ಞಾನದಲ್ಲಿ ಕಾಳು ಮತ್ತು ಹೊಟ್ಟನ್ನು, ಮರಳು ಮತ್ತು ನೀರನ್ನು ಬೇರ್ಪಡಿಸುವ ಬಗೆಗಳು. ಕನ್ನಡದಲ್ಲಿ ಒಂದು ಪತ್ರ ಬರೆಯುವ ಕ್ರಮ.

ಮುಂದಿನ ವಾರ ಕಲಿಯುವುದು: ಗಣಿತದಲ್ಲಿ ಭಿನ್ನರಾಶಿಗಳನ್ನು ಕಳೆಯುವುದು. ಸಮಾಜ ವಿಜ್ಞಾನದಲ್ಲಿ ಗ್ರಾಮ ಪಂಚಾಯತಿ ಮಾಡುವ ಕೆಲಸಗಳು.

ಮನೆಯಲ್ಲಿ ಕೇಳಬಹುದಾದ ಪ್ರಶ್ನೆ: ಮುಕ್ಕಾಲು ಲೀಟರ್ ಹಾಲಿನಲ್ಲಿ ಕಾಲು ಲೀಟರ್ ಖರ್ಚಾದರೆ ಉಳಿಯುವುದೆಷ್ಟು? ಊರಿನ ನೀರಿನ ಟ್ಯಾಂಕನ್ನು ಯಾರು ನೋಡಿಕೊಳ್ಳುತ್ತಾರೆ?

ನೆನಪಿಡಬೇಕಾದ ದಿನ: ಶನಿವಾರ ಮಕ್ಕಳು ಚೀಲ ತರುವಂತಿಲ್ಲ. ಬುಧವಾರ ಗಣಿತದ ಕಿರುಪರೀಕ್ಷೆ ಇದೆ, ಆ ದಿನ ತಪ್ಪಿಸಬಾರದು.

ಇಷ್ಟನ್ನು ಬರೆಯುವುದಕ್ಕೆ ಹತ್ತು ನಿಮಿಷ ಸಾಕು. ಶಿಕ್ಷಕರ ಮೇಲೆ ಈಗಾಗಲೇ ದಾಖಲೆಗಳ ಹೊರೆಯಿದೆ ಎಂಬುದು ಅಲ್ಲಗಳೆಯಲಾಗದ ಮಾತು. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳುವ ಶಾಲೆಗಳೂ ಇವೆ. ಆದ್ದರಿಂದ ಇದು ಹೊಸ ವಹಿಯಾಗದಿರಲಿ. ಬರೆಯುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಬಹುದು. ವಾರದ ಕೊನೆಯ ಅವಧಿಯಲ್ಲಿ ಶಿಕ್ಷಕರು ‘ಈ ವಾರ ಏನೇನು ಕಲಿತೆವು?’ ಎಂದು ಕೇಳಿ, ಮಕ್ಕಳು ಹೇಳಿದ್ದನ್ನು ಕಪ್ಪುಹಲಗೆಯ ಮೇಲೆ ನಾಲ್ಕು ಭಾಗಗಳಾಗಿ ಬರೆದರೆ, ಮಕ್ಕಳು ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಪತ್ರವೂ ಸಿದ್ಧವಾಗುತ್ತದೆ, ವಾರದ ಪಾಠದ ಮೆಲುಕೂ ಆಗುತ್ತದೆ. ಮಕ್ಕಳು ಏನನ್ನು ಹೇಳಲಿಲ್ಲ ಎಂಬುದರಿಂದ ಯಾವುದು ಮತ್ತೆ ಕಲಿಸಬೇಕಾದದ್ದು ಎಂಬುದು ಶಿಕ್ಷಕರಿಗೂ ಗೊತ್ತಾಗುತ್ತದೆ.

ಮುಂದಿನ ಪ್ರಶ್ನೆ ಪತ್ರ ತಲುಪುವ ದಾರಿಯದು. ಮೊಬೈಲಿನ ಗುಂಪಿಗೆ ಒಂದು ಚಿತ್ರ ಕಳುಹಿಸಿದರೆ ಕೆಲಸ ಮುಗಿಯಿತೆಂಬ ಭಾವನೆ ಬೆಳೆಯುತ್ತಿದೆ. ಆದರೆ ಅನೇಕ ಮನೆಗಳಲ್ಲಿ ಇರುವುದು ಒಂದೇ ಮೊಬೈಲು. ಅದು ಹಗಲೆಲ್ಲ ಹೊಲದಲ್ಲಿಯೋ ಕೆಲಸದ ಜಾಗದಲ್ಲಿಯೋ ತಂದೆಯ ಜೇಬಿನಲ್ಲಿರುತ್ತದೆ. ಮಗುವಿನ ಓದನ್ನು ನೋಡಿಕೊಳ್ಳುವ ತಾಯಿಗೆ ಆ ಸುದ್ದಿ ಸಿಗುವುದಿಲ್ಲ. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ ಪರದೆಯ ಪಾಠ ಎಲ್ಲರಿಗೂ ಎಟುಕಲಿಲ್ಲವೆಂಬ ಕಾರಣಕ್ಕೇ 2020ರಲ್ಲಿ ವಿದ್ಯಾಗಮದ ಹೆಸರಿನಲ್ಲಿ ಶಿಕ್ಷಕರು ದೇವಸ್ಥಾನದ ಜಗಲಿಗೆ, ಮರದ ನೆರಳಿಗೆ, ಮನೆಯಂಗಳಕ್ಕೆ ಹೋಗಬೇಕಾಯಿತು. ಆ ಪಾಠವನ್ನು ಮರೆಯುವಂತಿಲ್ಲ.

ಆದ್ದರಿಂದ ಮೂರು ದಾರಿಗಳು ಒಟ್ಟಿಗೆ ಇರಲಿ. ಮೊದಲನೆಯದು, ಶಾಲೆಯ ಗೇಟಿನ ಬಳಿ ರಸ್ತೆಗೆ ಕಾಣುವಂತೆ ಒಂದು ಹಲಗೆ. ಎರಡನೆಯದು, ಮಗುವಿನ ಪುಸ್ತಕದಲ್ಲಿರುವ ಬರಹ. ಮೂರನೆಯದು, ಇರುವವರಿಗೆ ಮೊಬೈಲಿನ ಸಂದೇಶ, ಸಾಧ್ಯವಾದರೆ ಓದಿ ಹೇಳಿದ ಧ್ವನಿಯ ರೂಪದಲ್ಲಿ. ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿಯೂ ಹಾಲಿನ ಡೇರಿಯ ಗೋಡೆಯಲ್ಲಿಯೂ ಅದರ ಒಂದು ಪ್ರತಿ ಅಂಟಿಸಬಹುದು. ಓದು ಬಾರದ ಪಾಲಕರಿಗೆ ಮಗುವೇ ಗಟ್ಟಿಯಾಗಿ ಓದಿ ಹೇಳಲಿ. ಶನಿವಾರ ರಾತ್ರಿ ಊಟಕ್ಕೆ ಮುಂಚೆ ಐದು ನಿಮಿಷ ಅದಕ್ಕೆ ಮೀಸಲಾದರೆ ವಾರಕ್ಕೊಮ್ಮೆ ಮಗುವಿನ ಓದು ಮನೆಯವರ ಕಿವಿಗೆ ಬೀಳುತ್ತದೆ. ಅಕ್ಷರ ಬಾರದ ತಾಯಿಗೂ ಮಗು ಸರಾಗವಾಗಿ ಓದುತ್ತಿದೆಯೋ ಪ್ರತಿ ಪದದಲ್ಲೂ ತಡವರಿಸುತ್ತಿದೆಯೋ ಎಂಬುದು ಕೇಳಿದೊಡನೆ ತಿಳಿಯುತ್ತದೆ. ತಡವರಿಸುತ್ತಿದ್ದರೆ ಸೋಮವಾರ ಶಾಲೆಗೆ ಬಂದು ಆ ಮಾತನ್ನು ಹೇಳುವ ಹಕ್ಕು ಆ ತಾಯಿಗಿದೆ. ಅದನ್ನು ಗೌರವದಿಂದ ಕೇಳಿಸಿಕೊಳ್ಳುವ ಹೊಣೆ ಶಾಲೆಯದು.

ಇನ್ನು ಮುಂಬರುವ ಚಟುವಟಿಕೆಗಳ ವಿಷಯ. ಎರಡನೆಯ ಅವಧಿಯಲ್ಲಿ ದಿನಗಳು ಒತ್ತೊತ್ತಾಗಿ ಬರುತ್ತವೆ. ನವೆಂಬರ್ 1ರ ಕನ್ನಡ ರಾಜ್ಯೋತ್ಸವ, 14ರ ಮಕ್ಕಳ ದಿನಾಚರಣೆ, 26ರ ಸಂವಿಧಾನ ದಿನ, ಡಿಸೆಂಬರ್ 22ರ ರಾಷ್ಟ್ರೀಯ ಗಣಿತ ದಿನ, ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನ. ಇವುಗಳ ನಡುವೆ ಸಂಭ್ರಮ ಶನಿವಾರ, ಪ್ರತಿಭಾ ಕಾರಂಜಿ, ಮಕ್ಕಳ ಸಂತೆ, ಮಕ್ಕಳ ಗ್ರಾಮ ಸಭೆ, ಕಿರುಪರೀಕ್ಷೆಗಳು, ಕೊನೆಯಲ್ಲಿ ವಾರ್ಷಿಕ ಮೌಲ್ಯಮಾಪನ. ಇದೇ ಕಾಲದಲ್ಲಿ ಹೊಲಗಳಲ್ಲಿ ರಾಗಿ ಕೊಯ್ಲು, ಹತ್ತಿ ಬಿಡಿಸುವುದು, ತೊಗರಿಯ ಕಟಾವು, ಕಬ್ಬು ಕಡಿಯುವ ಕೆಲಸ ನಡೆಯುತ್ತವೆ. ಕೈಗಳು ಸಾಲದ ದಿನ ದೊಡ್ಡ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ರೂಢಿ. ಹೆಚ್ಚಾಗಿ ಉಳಿಯುವವಳು ಹೆಣ್ಣುಮಗಳು, ಚಿಕ್ಕ ಮಗುವನ್ನು ನೋಡಿಕೊಳ್ಳುವುದಕ್ಕೆ. ‘ಒಂದು ದಿನ ತಾನೆ’ ಎಂಬುದು ಆಗ ಆಡುವ ಮಾತು.

ಆ ಒಂದು ದಿನದ ಲೆಕ್ಕವನ್ನೂ ಮಾಡಿ ನೋಡಬೇಕು. ವಾರಕ್ಕೊಂದು ದಿನ ತಪ್ಪಿದರೆ 220 ದಿನಗಳಲ್ಲಿ ಆರನೆಯ ಒಂದು ಭಾಗ, ಅಂದರೆ ಸುಮಾರು 37 ದಿನಗಳು ಹೋಗುತ್ತವೆ. ಒಂದು ತಿಂಗಳಿಗೂ ಮಿಕ್ಕಿದ ಶಾಲೆ ಅದು. ಅದಕ್ಕಿಂತ ಮುಖ್ಯವಾದುದು ಯಾವ ದಿನ ತಪ್ಪಿತು ಎಂಬುದು. ಭಿನ್ನರಾಶಿಗಳಿಗೆ ಸಮಛೇದ ಮಾಡುವುದನ್ನು ತೋರಿಸಿದ ದಿನ ಬಾರದ ಮಗುವಿಗೆ ಮುಂದಿನ ಎರಡು ವಾರಗಳ ಲೆಕ್ಕ ಕಬ್ಬಿಣದ ಕಡಲೆಯಾಗುತ್ತದೆ. ಯಾವ ದಿನ ಯಾವ ಪಾಠ ಎಂಬುದು ಗೊತ್ತಿಲ್ಲದ ಮನೆಗೆ ಎಲ್ಲ ದಿನಗಳೂ ಒಂದೇ. ಗೊತ್ತಿರುವ ಮನೆ, ಅನಿವಾರ್ಯವಾದಾಗಲೂ, ‘ಬುಧವಾರ ಬೇಡ, ಆ ದಿನ ಹೊಸ ಪಾಠವಿದೆ’ ಎಂದು ಯೋಚಿಸುತ್ತದೆ. ಮಗುವಿನ ಹಕ್ಕಿನ ದೃಷ್ಟಿಯಿಂದ ಯಾವ ದಿನವನ್ನೂ ತಪ್ಪಿಸಬಾರದು ಎಂಬುದೇ ನಿಯಮ. ಆದರೆ ದಿನದ ಬೆಲೆ ತಿಳಿದಾಗಲೇ ಆ ನಿಯಮ ಮನೆಯ ನಿಯಮವಾಗುತ್ತದೆ. ತಪ್ಪಿದ ದಿನ ಏನು ನಡೆಯಿತೆಂಬುದನ್ನು ಅದೇ ಪತ್ರ ತೋರಿಸುವುದರಿಂದ ಜೊತೆಯ ಮಗುವಿನಿಂದ ಕೇಳಿ ತುಂಬಿಕೊಳ್ಳುವುದಕ್ಕೂ ದಾರಿಯಾಗುತ್ತದೆ.

ಚಟುವಟಿಕೆಗಳನ್ನು ಪಾಠಕ್ಕೆ ಅಡ್ಡಿಯೆಂದು ತಿಳಿಯುವ ಪಾಲಕರೂ ಇದ್ದಾರೆ. ಚೀಲವಿಲ್ಲದ ಶನಿವಾರವನ್ನು ರಜೆಯೆಂದು ಭಾವಿಸಿ ಮಗುವನ್ನು ಕಳುಹಿಸದಿರುವುದುಂಟು. ಆ ದಿನ ಮಕ್ಕಳು ಸುರಕ್ಷತೆ, ಆರೋಗ್ಯ, ಪರಿಸರ, ನಾಗರಿಕ ನಡತೆ ಮುಂತಾದವುಗಳನ್ನು ಪಾತ್ರಾಭಿನಯ, ಚಿತ್ರ, ಚರ್ಚೆಗಳ ಮೂಲಕ ಕಲಿಯುತ್ತಾರೆ ಎಂದು ಹಿಂದಿನ ವಾರವೇ ತಿಳಿಸಿದರೆ ಆ ತಪ್ಪು ತಿಳಿವಳಿಕೆ ಹೋಗುತ್ತದೆ. ಮಕ್ಕಳ ಸಂತೆಯಲ್ಲಿ ಸೊಪ್ಪು ಮಾರುವ ಮಗು ತೂಕವನ್ನೂ ಚಿಲ್ಲರೆಯನ್ನೂ ಲಾಭ-ನಷ್ಟವನ್ನೂ ಕಲಿಯುತ್ತದೆ. ಮಕ್ಕಳ ಗ್ರಾಮ ಸಭೆಯಲ್ಲಿ ಶಾಲೆಗೆ ಕಾಂಪೌಂಡ್ ಬೇಕೆಂದೋ ಶೌಚಾಲಯಕ್ಕೆ ನೀರು ಬೇಕೆಂದೋ ಎದ್ದು ನಿಂತು ಕೇಳುವ ಮಗು ಪಂಚಾಯತಿಯ ಪಾಠವನ್ನು ಪಂಚಾಯತಿಯಲ್ಲೇ ಓದುತ್ತದೆ. ಆ ಪ್ರಶ್ನೆಯನ್ನು ಸಿದ್ಧಪಡಿಸಿಕೊಳ್ಳಲು ಮಗುವಿಗೆ ಒಂದು ವಾರ ಬೇಕು. ಸಭೆಯ ದಿನಾಂಕ ಹಿಂದಿನ ದಿನ ತಿಳಿದರೆ ಮಕ್ಕಳು ಕೇವಲ ಚಪ್ಪಾಳೆ ತಟ್ಟುವವರಾಗಿ ಉಳಿಯುತ್ತಾರೆ.

ದಿನಾಂಕಗಳ ಮಾತು ಬಂದಾಗ ಅತ್ಯಂತ ನಷ್ಟ ತರುವ ಒಂದು ಸಂಗತಿಯನ್ನು ಹೇಳಲೇಬೇಕು. ಐದನೆಯ ತರಗತಿಯಲ್ಲಿರುವ ಮಕ್ಕಳು ಜವಾಹರ್ ನವೋದಯ ವಿದ್ಯಾಲಯದ ಆರನೆಯ ತರಗತಿಗೆ ಪ್ರವೇಶ ಪರೀಕ್ಷೆ ಬರೆಯಬಹುದು. ಅಲ್ಲಿ ಕನಿಷ್ಠ ಶೇಕಡ 75ರಷ್ಟು ಸ್ಥಾನಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೂ ಆದರ್ಶ ವಿದ್ಯಾಲಯಗಳಿಗೂ ಆರನೆಯ ತರಗತಿಗೆ ಪ್ರವೇಶ ಪರೀಕ್ಷೆಗಳು ನಡೆಯುತ್ತವೆ. ಎಂಟನೆಯ ತರಗತಿಯ ಮಕ್ಕಳಿಗೆ ರಾಷ್ಟ್ರೀಯ ಸಾಧನೆ ಮತ್ತು ಆದಾಯ ಆಧಾರಿತ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಇವುಗಳ ದಿನಾಂಕಗಳು ಪ್ರತಿ ವರ್ಷದ ಅಧಿಸೂಚನೆಯಂತೆ ನಿಗದಿಯಾಗುತ್ತವೆ. ಅರ್ಜಿಯ ಜೊತೆಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ಬೇಕಾಗುವುದುಂಟು. ನಾಡಕಚೇರಿಯಿಂದ ಅವನ್ನು ಪಡೆಯಲು ಕಾಲ ಹಿಡಿಯುತ್ತದೆ. ಕೊನೆಯ ದಿನದ ಸುದ್ದಿ ಕೊನೆಯ ದಿನ ತಿಳಿದ ಮನೆಗೆ ಅದು ಸುದ್ದಿಯೇ ಅಲ್ಲ. ಬಲ್ಲವರ ಪರಿಚಯವಿರುವ ಮನೆಯ ಮಗು ಅರ್ಜಿ ಹಾಕುತ್ತದೆ, ಅಷ್ಟೇ ಜಾಣೆಯಾದ ಕೂಲಿಕಾರರ ಮಗಳು ಉಳಿದುಬಿಡುತ್ತಾಳೆ. ಅಧಿಸೂಚನೆ ಬಂದ ವಾರವೇ ಪತ್ರದ ‘ನೆನಪಿಡಬೇಕಾದ ದಿನ’ ಎಂಬ ಭಾಗದಲ್ಲಿ ಅದು ಕಾಣಿಸಿಕೊಳ್ಳಬೇಕು. ಕೊನೆಯ ದಿನಾಂಕ ಕಳೆಯುವವರೆಗೆ ಪ್ರತಿ ವಾರವೂ ಅಲ್ಲಿಯೇ ಇರಬೇಕು.

ಪತ್ರದಲ್ಲಿ ಇರಬಾರದ ಸಂಗತಿಗಳೂ ಇವೆ. ಯಾವ ಮಗುವಿನ ಹೆಸರೂ ಅಂಕಗಳೂ ಹಲಗೆಯ ಮೇಲಾಗಲಿ ಗುಂಪಿನ ಸಂದೇಶದಲ್ಲಾಗಲಿ ಬರಕೂಡದು. ಒಂದು ಮಗುವಿನ ಕಲಿಕೆಯ ಮಾತು ಆ ಮಗುವಿನ ಪಾಲಕರೊಡನೆ ಮಾತ್ರ ಆಡತಕ್ಕದ್ದು. ವಂತಿಗೆ, ದೇಣಿಗೆ, ಸಮವಸ್ತ್ರದ ಕೊರತೆ, ತಡವಾಗಿ ಬಂದವರ ಪಟ್ಟಿ ಇವಾವುವೂ ಅದರಲ್ಲಿ ಸೇರಬಾರದು. ಚಟುವಟಿಕೆಗಾಗಿ ಹೊಸ ಬಟ್ಟೆ, ಬಣ್ಣದ ಕಾಗದ, ಅಂಗಡಿಯ ಮಾದರಿಗಳನ್ನು ಕೊಂಡು ತರುವಂತೆ ಹೇಳಿದರೆ ಬಡ ಮನೆಗೆ ಪತ್ರವೇ ಭಯವಾಗುತ್ತದೆ. ಮಗು ಅದನ್ನು ಮನೆಯಲ್ಲಿ ತೋರಿಸದೆ ಮಡಚಿಡುತ್ತದೆ. ಮನೆಯಲ್ಲಿ ಇರುವ ಕಾಳು, ಎಲೆ, ಹಳೆಯ ಪತ್ರಿಕೆ, ದಾರಗಳಿಂದ ಆಗದ ಚಟುವಟಿಕೆಯನ್ನು ಆರಿಸಿಕೊಳ್ಳದಿರುವುದೇ ಲೇಸು. ಹಾಗೆಯೇ ಪಾಲಕರೂ ಪತ್ರವನ್ನು ಬೆತ್ತವನ್ನಾಗಿ ಬಳಸಬಾರದು. ಪ್ರಶ್ನೆಗೆ ಉತ್ತರ ಬಾರದಿದ್ದರೆ ಬೈಯುವುದು, ಪಕ್ಕದ ಮನೆಯ ಮಗುವಿಗೆ ಹೋಲಿಸುವುದು ಆರಂಭವಾದರೆ ಶನಿವಾರದ ಐದು ನಿಮಿಷ ಮಗುವಿಗೆ ಶಿಕ್ಷೆಯಾಗುತ್ತದೆ. ಉತ್ತರ ಬಾರದಿದ್ದಾಗ ‘ಸೋಮವಾರ ಕೇಳಿಕೊಂಡು ಬಾ, ನನಗೂ ತಿಳಿಯಬೇಕು’ ಎಂದರೆ ಸಾಕು.

ಹೋದ ಮಾತಿಗೆ ಮರುಮಾತು ಇರಬೇಕು. ಪತ್ರದ ಕೆಳಗೆ ಮನೆಯವರ ಒಂದು ಸಾಲಿಗೆ ಜಾಗ ಬಿಟ್ಟಿರಲಿ. ಬರೆಯಲು ಬಾರದವರು ಹೇಳಿದ್ದನ್ನು ಮಗು ಬರೆದು ತರಲಿ. ‘ರಾತ್ರಿ ಹಲಗೆಯ ಅಕ್ಷರ ಕಾಣುವುದಿಲ್ಲ ಎನ್ನುತ್ತಾಳೆ’ ಎಂಬ ಸಾಲಿನಿಂದ ಮಗುವಿನ ಕಣ್ಣಿನ ತೊಂದರೆ ಬೆಳಕಿಗೆ ಬರಬಹುದು. ‘ಮುಂದಿನ ತಿಂಗಳು ಕಬ್ಬು ಕಡಿಯಲು ಹೋಗುತ್ತೇವೆ’ ಎಂಬ ಸಾಲು ಸಕಾಲದಲ್ಲಿ ಬಂದರೆ ಮಗುವನ್ನು ಬಂಧುಗಳ ಮನೆಯಲ್ಲಿಯೋ ವಿದ್ಯಾರ್ಥಿನಿಲಯದಲ್ಲಿಯೋ ಉಳಿಸುವ ಬಗ್ಗೆ, ಹೋದ ಊರಿನ ಶಾಲೆಗೆ ಸೇರಿಸುವ ಬಗ್ಗೆ ಸಮಿತಿ ಮತ್ತು ಸಮೂಹ ಸಂಪನ್ಮೂಲ ವ್ಯಕ್ತಿಗಳು ಯೋಚಿಸಬಹುದು. ಕುಟುಂಬ ಹೊರಟು ಹೋದ ಮೇಲೆ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತು ಹಾಕುವುದಕ್ಕಿಂತ ಅದು ಎಷ್ಟೋ ಮೇಲು. ಶಾಲಾಭಿವೃದ್ಧಿ ಸಮಿತಿಯು ತಿಂಗಳಿಗೊಮ್ಮೆ ಸೇರಿದಾಗ ಕಟ್ಟಡ ಮತ್ತು ದುರಸ್ತಿಯ ವಿಷಯಗಳ ಜೊತೆಗೆ ಆ ತಿಂಗಳ ನಾಲ್ಕು ಪತ್ರಗಳನ್ನೂ ಮನೆಗಳಿಂದ ಬಂದ ಸಾಲುಗಳನ್ನೂ ನೋಡಬೇಕು. ಹಲಗೆ ಮತ್ತು ಬಣ್ಣದ ಸಣ್ಣ ವೆಚ್ಚವನ್ನು ಗ್ರಾಮ ಪಂಚಾಯತಿಯೊಡನೆ ಮಾತನಾಡಿ ಹೊಂದಿಸಬಹುದು.

ಈ ಸಭೆಯಿಂದ ಹೊರಡುವಾಗ ಕೈಗೊಳ್ಳಬೇಕಾದದ್ದು ಇಷ್ಟು. ಬರುವ ಶನಿವಾರದಿಂದ ನಾಲ್ಕರಿಂದ ಮೇಲಿನ ಪ್ರತಿ ತರಗತಿಯೂ ವಾರದ ಪತ್ರವನ್ನು ಹೊರಡಿಸಲಿ. ಸಮಿತಿಯ ಇಬ್ಬರು ಸದಸ್ಯರು, ಅವರಲ್ಲಿ ಒಬ್ಬರು ತಾಯಿ, ಹಲಗೆಯ ಮೇಲುಸ್ತುವಾರಿ ವಹಿಸಿಕೊಳ್ಳಲಿ. ಪ್ರತಿ ಮನೆಯೂ ಶನಿವಾರ ರಾತ್ರಿ ಐದು ನಿಮಿಷ ಮಗುವಿನ ಓದಿಗೆ ಕಿವಿಗೊಡಲಿ, ಪತ್ರದಲ್ಲಿರುವ ಒಂದು ಪ್ರಶ್ನೆಯನ್ನು ಕೇಳಲಿ, ಒಂದು ಸಾಲಿನ ಮರುಮಾತು ಕಳುಹಿಸಲಿ. ವಾರ್ಷಿಕ ಮೌಲ್ಯಮಾಪನದವರೆಗೆ ಇಪ್ಪತ್ತಕ್ಕೂ ಹೆಚ್ಚು ಶನಿವಾರಗಳಿವೆ. ಅರ್ಧ ಮತ್ತು ಕಾಲು ಸೇರಿದರೆ ಮುಕ್ಕಾಲು ಎಂದು ಬಲ್ಲ ಮನೆಗಳು ಈ ಜಿಲ್ಲೆಯಲ್ಲಿ ಕಡಮೆಯಿಲ್ಲ. ಆ ತಿಳಿವು ಈ ವರ್ಷ ಮಕ್ಕಳ ಪುಸ್ತಕದ ಹಾಳೆಯ ಮೇಲೂ ಮೂಡಲಿ.